ಅಳಿಯನ ಪಾಲು

ನೆಲ ಚುಚ್ಚುವಾಗ ಉಸಿರು ಕಟ್ಟಬಾರದು ಎಂದು ಸಾರ್ಜೆಂಟ್ ಹೈದುವಾ ಎಷ್ಟೋ ಮಂದಿಗೆ ಹೇಳಿಕೊಟ್ಟಿದ್ದ. ಈಗ ಹೊಟ್ಟೆಯ ಮೇಲೆ ಮಲಗಿ ಸಲಾಕೆಯನ್ನು ಓರೆಯಾಗಿ ಮರಳೊಳಗೆ ತೂರಿಸುತ್ತಿದ್ದವನಿಗೆ, ಎದೆ ನೋಯತೊಡಗಿದ ಮೇಲಷ್ಟೇ, ತಾನೇ ಉಸಿರು ಬಿಗಿಹಿಡಿದಿದ್ದೇನೆಂದು ತಿಳಿಯಿತು. ಬಿಟ್ಟ. ಬಾಯಿಯ ಮುಂದಿನ ದೂಳು ಎದ್ದು ಕಣ್ಣಿಗೆ ಬಂತು. ಸಲಾಕೆಯ ತುದಿಗೆ ಏನೋ ತಾಗಿತು, ಬೇರು. ಬೇರು ಒತ್ತಿದರೆ ಚೂರು ಬಾಗುತ್ತದೆ, ಕಲ್ಲು ಕಿರುಗುಟ್ಟುತ್ತದೆ, ಮರದ ಪೆಟ್ಟಿಗೆ ಮಾತ್ರ ಏನೂ ಹೇಳುವುದಿಲ್ಲ, ಸುಮ್ಮನೆ ತಡೆದು ನಿಲ್ಲಿಸುತ್ತದೆ. ಈ ಸೀಮೆಯಲ್ಲಿ ಹುಗಿಯುವವರು ಮರದ ಪೆಟ್ಟಿಗೆಯ ಬಾಂಬನ್ನೇ ಹುಗಿಯುತ್ತಾರೆ, ಕಿವಿಗೆ ಹಾಕಿಕೊಂಡು ಲೋಹ ಹುಡುಕುವ ಯಂತ್ರಕ್ಕೆ ಅದರ ಸುಳಿವು ಸಿಗುವುದಿಲ್ಲ. ಸಿಗುವಂತಿದ್ದರೂ ಅಷ್ಟೇ, ಆ ಯಂತ್ರದ ಬ್ಯಾಟರಿ ಸತ್ತು, ಅದು ಟ್ರಕ್ಕೊಂದರಲ್ಲಿ ಜೋಳದ ಹಿಟ್ಟಿನ ಮೂಟೆಗಳಡಿ ಬಿದ್ದಿತ್ತು. ಹಾಗಾಗಿ ಸಲಾಕೆ, ಬೆರಳು, ಮೂಗು. ಗೇಣು ನೆಲ ಮುಗಿದ ಮೇಲೆ ಇನ್ನೊಂದು ಗೇಣು. ಮಳೆಗಾಲದಲ್ಲಿ ನೀರು ನಿಂತು ಮೀನು ಸಿಗುವ ತಗ್ಗು ಇದು. ಈಗ ಒಣಗಿ ಬೂದಿಬಣ್ಣಕ್ಕೆ ತಿರುಗಿತ್ತು. ಅದನ್ನು ಸೀಳಿಕೊಂಡು ಗಾಡಿದಾರಿ ಆಚೆ ದಡಕ್ಕೆ ಹೋಗುತ್ತಿತ್ತು. ಎಳೆಯವನಿದ್ದಾಗ ಅವನು ಇಂಥ ತಗ್ಗಿನಲ್ಲೇ ಅವ್ವನ ಜೊತೆ ಬುಟ್ಟಿ ಮುಳುಗಿಸಿ ಮೀನು ಹಿಡಿಯುತ್ತಿದ್ದ. ಕಾಲಡಿ ಕೆಸರಿನಲ್ಲಿ ಏನೋ ಜಾರಿದರೆ ನಗು ಬರುತ್ತಿತ್ತು. ಕಾಲಡಿಯಲ್ಲಿ ಏನಿದೆಯೋ ಗೊತ್ತಿಲ್ಲದಿರುವುದೇ ಆಗಿನ ಆಟ.

ಹಿಂದೆ, ಮೊಪಾನೆ ಮರಗಳ ನೆರಳಿನಲ್ಲಿ, ಟ್ರಕ್ಕುಗಳು ಕೊಂಬೆ ಹೊದ್ದು ಸಾಲಾಗಿ ನಿಂತಿದ್ದವು. ಆ ನೆರಳು ನಂಬುವಂಥದ್ದಲ್ಲ. ಬಿಸಿಲೇರಿದರೆ ಮೊಪಾನೆ ಎಲೆ ಮಡಿಚಿಕೊಳ್ಳುತ್ತದೆ, ನೆರಳು ಹರಿದ ಕಂಬಳಿಯಾಗುತ್ತದೆ, ಆ ಹೊತ್ತಿಗೇ ದಕ್ಷಿಣದಿಂದ ಶತ್ರುವಿನ ವಿಮಾನಗಳು ಬರುತ್ತವೆ. ಅದಕ್ಕೆ ಮೊದಲು ಆಚೆ ದಡದ ದಟ್ಟ ಕಾಡು ಸೇರಬೇಕೆಂದು ಕ್ಯಾಪ್ಟನ್ ಕಿಯಾಲಾ ಬೆಳಗಿನಿಂದ ಹೇಳಿ ಕಳಿಸುತ್ತಲೇ ಇದ್ದ. ಮೊದಲು ಬಂದವನು ಇನ್ನೆಷ್ಟು ಹೊತ್ತು ಎಂದು ಮೆಲ್ಲಗೆ ಕೇಳಿ ಹೋದ. ಆಮೇಲೆ ಬಂದವನು, ಹೆಗ್ಗಣಕ್ಕೆ ನಿದ್ದೆ ಬಂತೇನೋ ನೋಡಿ ಬಾ ಅಂದಿದ್ದಾರೆ ಕ್ಯಾಪ್ಟನ್ ಎಂದು ನಗುತ್ತ ಹೇಳಿದ. ಎಂಜಿನಿಯರ್ ತುಕಡಿಯವರಿಗೆ ಕಾಲಾಳುಗಳು ಇಟ್ಟ ಹೆಸರು ಅದು, ಹೆಗ್ಗಣಗಳು. ಕ್ಯಾಪ್ಟನ್ ಮಲಗುವ ಗುಂಡಿ ತೋಡುವವರು ಇವರು, ಪಾಯಿಖಾನೆಯ ಗುಂಡಿ ತೋಡುವವರೂ ಇವರೇ. ಕೆಸರಿಗೆ ದಿಮ್ಮಿ ಹಾಸಿ ಟ್ರಕ್ಕು ದಾಟಿಸುವವರು, ದಾಟಿದ ಮೇಲೆ ಅದೇ ದಿಮ್ಮಿಯಡಿ ಬಾಂಬಿಟ್ಟು ಬರುವವರು. ಮೊನ್ನೆಯ ಮಳೆಗಾಲ ಕಳೆದ ಮೇಲೆ ನದಿಗೆ ಅವರೊಂದು ಸೇತುವೆ ಕಟ್ಟಿದ್ದರು. ಹಳ್ಳಿಯವರು ಹುಳಿಹಾಲಿನ ಸೋರೆಬುರುಡೆ ತಂದುಕೊಟ್ಟು, ಹೆಂಗಸರು ಸೇತುವೆಯ ಮೇಲೆ ಕುಣಿದಿದ್ದರು. ಚಳಿ ಬರುವಷ್ಟರಲ್ಲಿ ಹಿಂದೆ ಸರಿಯುವ ಆಜ್ಞೆ ಬಂದು ಅದೇ ಸೇತುವೆಯನ್ನು ಅವರೇ ಒಡೆದರು. ತಾನು ಬಿಗಿದ ಬೋಲ್ಟು ಹೈದುವಾನಿಗೇ ಗೊತ್ತಿದ್ದರಿಂದ ಎಲ್ಲಿ ಮದ್ದಿಟ್ಟರೆ ಬೇಗ ಬೀಳುತ್ತದೆಂದು ಯೋಚಿಸುವ ಕಷ್ಟವೂ ಇರಲಿಲ್ಲ. ಒಂದೇ ಸದ್ದಿಗೆ ಬಿತ್ತು. ಬಿದ್ದಾಗ ಅವನಿಗೆ ಖುಷಿಯಾಗಿತ್ತು. ಕಟ್ಟಿ ಮುಗಿಸಿದಾಗ ಆದ ಖುಷಿಗೂ ಇದಕ್ಕೂ ಏನು ವ್ಯತ್ಯಾಸವೆಂದು ಆಮೇಲೆ ಮಲಗಿ ಹುಡುಕಿದರೆ ಸಿಕ್ಕಿರಲಿಲ್ಲ.

ಆಚೆ ದಡ ಮುಟ್ಟಿ, ಕೊನೆಯ ಗೂಟಕ್ಕೆ ಬಿಳಿ ಪಟ್ಟಿ ಕಟ್ಟಿ, ಬಂದ ದಾರಿಯಲ್ಲೇ ಮೊಣಕಾಲೂರಿ ಇನ್ನೊಮ್ಮೆ ಬೆರಳಾಡಿಸುತ್ತ ವಾಪಸು ಬಂದ. ಸಿಕ್ಕಿದ ಬಾಂಬುಗಳನ್ನೆಲ್ಲ ಕಳಚಿ ಒಂದು ಬದಿಗೆ ಒಟ್ಟಿಯಾಗಿತ್ತು. ಎರಡು ಪಟ್ಟಿಗಳ ನಡುವಿನ ದಾರಿ ಚೊಕ್ಕವಾಗಿದೆ. ಅದು ಅವನಿಗೆ ಗೊತ್ತಿತ್ತು, ತನ್ನ ಹೆಸರು ಗೊತ್ತಿರುವ ಹಾಗೆ. ಕ್ಯಾಪ್ಟನ್ ಡಬ್ಬಿ ಮೀನನ್ನು ಚಾಕುವಿನ ತುದಿಯಿಂದ ತಿನ್ನುತ್ತ ಪಟ್ಟಿಯ ಬಾಯಲ್ಲಿ ನಿಂತಿದ್ದ. ರಾಜಧಾನಿ ಲುವಾಂಡಾದ ಕಡಲಂಚಿನವನು, ಈ ಒಣ ಸೀಮೆಯಲ್ಲೂ ಮೀನಿಲ್ಲದೆ ಅವನಿಗೆ ಊಟವಿಲ್ಲ.

"ಆಯ್ತಾ?"

"ಆಯ್ತು, ಕಾಮ್ರೇಡ್ ಕ್ಯಾಪ್ಟನ್."

"ಹಾಗಾದ್ರೆ ನಡಿ."

ದಾರಿ ಬಿಡಿಸಿದವನೇ ಮೊದಲ ಟ್ರಕ್ಕಿನ ಮುಂದೆ ನಡೆಯಬೇಕು. ಎಲ್ಲೂ ಬರೆದಿಟ್ಟಿಲ್ಲದಿದ್ದರೂ ಎಲ್ಲ ತುಕಡಿಗಳಲ್ಲೂ ಇರುವ ಕಟ್ಟಳೆ. ಹೈದುವಾ ಪಟ್ಟಿಯ ಬಾಯಿಗೆ ಬಂದ. ಬಲಗಾಲು ಎತ್ತಬೇಕೆಂದುಕೊಂಡ. ಏಳಲಿಲ್ಲ. ಆ ದಿನವೂ ದಾರಿ ಚೊಕ್ಕವಾಗಿತ್ತಲ್ಲ, ಇಷ್ಟೇ ಚೊಕ್ಕ, ತುಕಡಿಯ ಗೆಳೆಯ ಚಿಮುಕು ಪಕ್ಕದಲ್ಲಿ ನಿಂತು ಊರಿಗೆ ಹೋದಾಗ ತರುವ ಹಂದಿಯ ಬಗ್ಗೆ ಏನೋ ಹೇಳುತ್ತಿದ್ದ. ಹೈದುವಾನ ಬೂಟಿನ ಲೇಸು ಬಿಚ್ಚಿಹೋಗಿತ್ತು. ಬಗ್ಗಿದ. ಚಿಮುಕು ಮಾತು ನಿಲ್ಲಿಸದೆಯೇ ಮುಂದೆ ಹೋದ, ಹಂದಿಗೆ ಎಷ್ಟು ಕೊಬ್ಬಿರಬೇಕೆಂದು ತಿರುಗಿ ಕೈಯಿಂದ ತೋರಿಸುತ್ತ. ಆ ಕೈ ಇಳಿಯುವ ಮೊದಲೇ ಅವನ ಕಾಲಡಿ ಸಿಡಿಯಿತು. ಲೇಸು ನಿಜವಾಗಿ ಬಿಚ್ಚಿಹೋಗಿತ್ತೇ? ಅದೊಂದನ್ನು ಅವನು ಎಷ್ಟು ಸಲ ನೆನೆದರೂ, ಬಗ್ಗಿದ್ದು ನೆನಪಾಗುತ್ತದೆ, ಬೆರಳು ಲೇಸಿಗೆ ಹೋದದ್ದು ನೆನಪಾಗುತ್ತದೆ, ಬಿಚ್ಚಿದ ಲೇಸು ಮಾತ್ರ ಕಣ್ಣಿಗೆ ಬರುವುದಿಲ್ಲ.

ಇನ್ನೊಂದು ಸಲ ನೋಡಿಬಿಡುತ್ತೇನೆ ಎಂದು ತನ್ನ ಬಾಯಿ ಹೇಳಿದ್ದು ಅವನಿಗೆ ಕೇಳಿಸಿತು. ಮಧ್ಯದಲ್ಲೊಂದು ಕಡೆ ಅನುಮಾನವಿದೆ ಎಂದೂ ಹೇಳಿತು. ಅನುಮಾನವಿರಲಿಲ್ಲ.

ಕ್ಯಾಪ್ಟನ್ ಆಕಾಶ ನೋಡಿದ. ಆಮೇಲೆ ಇವನ ಕಾಲು ನೋಡಿದ. ಅವನಿಗೆ ಸಿಟ್ಟು ಬಂದಂತಿರಲಿಲ್ಲ. ಇಷ್ಟೇನಾ ಎನ್ನುವಂಥ ಒಂದು ಸಣ್ಣ ಸಮಾಧಾನ ಮುಖದಲ್ಲಿತ್ತು.

"ನೀನು ಮಾಡಿದ ಅಡುಗೆ ನೀನು ತಿನ್ನಲ್ಲ," ಎಂದ. "ನಾವು ತಿನ್ನಬೇಕು."

ಟ್ರಕ್ಕಿನ ಮೇಲಿದ್ದವರು ನಕ್ಕರು. ಅವರ ನಗುವಿನಲ್ಲಿ ದ್ವೇಷವಿದ್ದಿದ್ದರೆ ಹೈದುವಾನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಬಿಸಿಲಲ್ಲಿ ಕಾದು ಬೇಜಾರಾದವರು ಸಿಕ್ಕಿದ್ದಕ್ಕೆ ನಗುವ ನಗು ಅದು. ಅಷ್ಟರಲ್ಲಿ ತಗ್ಗಿನ ಅಂಚಿನ ಬಾವಿಯ ಕಡೆಯಿಂದ ಗಂಟೆಗಳ ಸದ್ದು ಬಂತು. ದನಗಳು, ಮರದ ಗಂಟೆ ಕಟ್ಟಿದವು, ಒಬ್ಬ ಮುದುಕನ ಹಿಂದೆ ನೀರಿಗೆ ಬರುತ್ತಿದ್ದವು. ಕ್ಯಾಪ್ಟನ್ ಚಾಕುವನ್ನು ಪ್ಯಾಂಟಿಗೆ ಒರೆಸಿಕೊಂಡು, ಅಲ್ಲಿ ನೋಡು, ನಿನ್ನ ತುಕಡಿ ಬಂತು ಎಂದ. ನಿನ್ನ ಭಾಷೆಯವನೇ ಅಲ್ವಾ, ಹೋಗಿ ಕೇಳು, ಆಚೆ ದಡಕ್ಕೆ ಹೊಡೆದುಕೊಂಡು ಹೋಗಲಿ. ದೊಡ್ಡ ಬಾಂಬಿರುವ ಕಡೆ ಸಣ್ಣವೂ ಇರುತ್ತವೆ ಅಂತ ನೀನೇ ಹೇಳುತ್ತೀಯಲ್ಲ. ಎಲ್ಲಿ ದನ ಹಾರುತ್ತದೋ ಅಲ್ಲಿ ಅಗೆದರಾಯಿತು.

ಹೋದ. ದಾರಿ ಚೊಕ್ಕವಾಗಿದೆ, ಏನೂ ಆಗುವುದಿಲ್ಲ, ಏನೂ ಆಗದ ಕೆಲಸಕ್ಕೆ ಒಬ್ಬನನ್ನು ಕರೆಯುವುದರಲ್ಲಿ ಪಾಪವೇನಿದೆ ಎಂದುಕೊಳ್ಳುತ್ತ ಹೋದ. ಮುದುಕನ ಹೆಸರು ಶಿಹೆಪೊ. ಹಳೆಯ ಸೈನ್ಯದ ಕೋಟು, ಟೈರಿನ ಚಪ್ಪಲಿ, ಒಂದು ಕಣ್ಣಿಗೆ ಪೊರೆ. ಇವನ ಬಂದೂಕು ನೋಡಿ ಮುದುಕ ಟೋಪಿ ತೆಗೆದು ನೆಲ ನೋಡುತ್ತ ನಿಂತ. ಇವನು ಊರ ಮಾತಿನಲ್ಲಿ ಬೆಳಗಿನ ಕ್ಷೇಮ ಕೇಳಿದ ಮೇಲೆ ತಲೆಯೆತ್ತಿ, ಎಲ್ಲಿಯವನು, ಅವ್ವ ಯಾರು ಎಂದೆಲ್ಲ ವಿಚಾರಿಸಿದ. ಇಂಥ ಹೊತ್ತಿನಲ್ಲೂ ಅದನ್ನೆಲ್ಲ ಹೇಳಿ ಮುಗಿಸದೆ ಮುಂದಿನ ಮಾತಿಗೆ ಹೋಗುವಂತಿಲ್ಲ.

"ನಿಮ್ಮವ್ವನದು ಯಾವ ಬಳಿ, ಯಾವ ಕುಲ?"

"ದನದ ಬಳಿ."

ಮುದುಕನ ಒಳ್ಳೆಯ ಕಣ್ಣು ಅಗಲವಾಯಿತು. "ನಂದೂ ಅದೇಯ. ಹಂಗಾದ್ರೆ ನಿಮ್ಮವ್ವ ನಂಗೆ ತಂಗಿ ಆಗ್ಬೇಕು. ನಾನು ನಿನ್ ಮಾವ ಕಣಪ್ಪ." ತನ್ನ ಸ್ವಂತ ತಂಗಿಯ ಮಕ್ಕಳಲ್ಲಿ ಒಬ್ಬ ಈ ಸೈನ್ಯಕ್ಕೆ ಹೋದ, ಒಬ್ಬ ಆ ಸೈನ್ಯಕ್ಕೆ ಹೋದ, ಇಬ್ಬರೂ ಬರಲಿಲ್ಲ ಎಂದೂ ಹೇಳಿದ, ಮಳೆ ಬರಲಿಲ್ಲ ಎನ್ನುವ ದನಿಯಲ್ಲಿ. ಮನೆಯಲ್ಲಿ ಗಂಡುಮಕ್ಕಳಿದ್ದಾರೆ, ಆದರೆ ಮಗನಿಗೆ ದನ ಹೋಗುತ್ತದೆಯೇ? ಅದು ತಂಗಿಯ ಮಗನ ಪಾಲು. ಹೈದುವಾ ಕೇಳಿಸಿಕೊಳ್ಳುತ್ತ ಕ್ಯಾಪ್ಟನ್ ನಿಂತಿರುವ ಕಡೆಗೆ ಬೆನ್ನು ಮಾಡಿ ನಿಂತಿದ್ದ. ಆಮೇಲೆ ವಿಷಯ ಹೇಳಿದ. ಮುದುಕ ಬಿಳಿ ಪಟ್ಟಿಗಳನ್ನು ಬಹಳ ಹೊತ್ತು ನೋಡಿದ.

"ನೀನೇ ನೋಡಿದ್ದಾ ದಾರಿ?"

"ನಾನೇ ನೋಡಿದ್ದು, ಮಾವ."

"ನಡೆದು ನೋಡಿದ್ಯಾ?"

"ನಡೆದೆ."

ಮೊಣಕಾಲಲ್ಲಿ ನಡೆದದ್ದೂ ನಡಿಗೆಯೇ ಎಂದು ಒಳಗೇ ಒಂದು ಮಾತು ಜೋಡಿಸಿಕೊಂಡ. ಮುದುಕ ಇನ್ನೇನೂ ಕೇಳಲಿಲ್ಲ. ದನಗಳನ್ನು ಹಿಂದಿನಿಂದ ಹೊಡೆಯುವುದು ತನಗೆ ರೂಢಿಯಿಲ್ಲ, ಅವು ತನ್ನ ಬೆನ್ನು ನೋಡಿಕೊಂಡು ಬರುತ್ತವೆ ಎಂದು ಹೇಳಿ ತಾನೇ ಮುಂದಾಗಿ ಪಟ್ಟಿಯೊಳಗೆ ಕಾಲಿಟ್ಟ. ಕ್ಯಾಪ್ಟನ್ ಹುಬ್ಬೇರಿಸಿ, ಇದು ಇನ್ನೂ ಚೆನ್ನ ಎಂದ.

ಆ ಮುದುಕನ ಟೈರಿನ ಚಪ್ಪಲಿ ಎದ್ದು ಬೀಳುವುದನ್ನು ನೋಡುತ್ತ ನಿಂತಾಗ ಹೈದುವಾನ ಮನಸ್ಸಿನಲ್ಲಿ ಎದ್ದ ಆಸೆಯನ್ನು ಅವನು ಯಾರಿಗೂ ಹೇಳುವಂತಿರಲಿಲ್ಲ. ಏನೂ ಆಗದಿರಲಿ ಎಂಬ ಆಸೆಯಲ್ಲ. ಆ ಆಸೆಯ ಕೆಳಗೆ, ಮರದ ಪೆಟ್ಟಿಗೆಯ ಹಾಗೆ ಸದ್ದಿಲ್ಲದೆ, ಇನ್ನೊಂದಿತ್ತು: ಒಂದಾದರೂ ಸಿಡಿಯಲಿ. ಮುದುಕನಿಗಲ್ಲ, ಹಿಂದಿನ ಯಾವುದೋ ಕರುವಿಗೆ. ಸಿಡಿದರೆ ನಗುತ್ತಿರುವವರ ಬಾಯಿ ಮುಚ್ಚುತ್ತದೆ. ತನ್ನ ಕಾಲು ಏಳದಿದ್ದುದಕ್ಕೆ ಒಂದು ಕಾರಣ ಹುಟ್ಟುತ್ತದೆ. ಸಿಡಿಯಲಿಲ್ಲ. ಮುದುಕ ಆಚೆ ದಡ ಹತ್ತಿದ, ದನಗಳು ಒಂದರ ಹಿಂದೊಂದು ಹತ್ತಿದವು, ಕೊನೆಯದು ನಡುದಾರಿಯಲ್ಲಿ ನಿಂತು ಸೆಗಣಿ ಹಾಕಿ ಹತ್ತಿತು. ಟ್ರಕ್ಕಿನಿಂದ ಕೇಕೆ ಎದ್ದಿತು. ಅರೆಗುರುಡ ಮುದುಕ ಚಪ್ಪಲಿಯಲ್ಲಿ ಹೋದ ದಾರಿಯಲ್ಲಿ ಬೂಟು ಹಾಕಿದ ಸಾರ್ಜೆಂಟು ಹೋಗಬಹುದೇನೋ ಎಂದು ಯಾರೋ ಕೇಳಿದರು. ಹೋದ. ಈಗ ಕಾಲು ಎದ್ದಿತು. ಸೆಗಣಿಯನ್ನು ದಾಟಿಕೊಂಡು, ಹಿಂದೆ ಟ್ರಕ್ಕಿನ ಹಲ್ಲು ಕಚ್ಚಿದ ಗೇರಿನ ಸದ್ದು ಕೇಳುತ್ತ ನಡೆದ. ಆಚೆ ದಡದಲ್ಲಿ ಮುದುಕ ಅವನ ಭುಜ ಮುಟ್ಟಿ, "ಚೊಕ್ಕ ಕೆಲ್ಸ ಅಳಿಯ. ನಿಮ್ಮವ್ವ ಚೆನ್ನಾಗಿ ಸಾಕವ್ಳೆ," ಎಂದ. ಆ ಹೊಗಳಿಕೆ ಕಪಾಳಕ್ಕೆ ಬಿದ್ದ ಹಾಗಾಯಿತು; ಆದರೂ ಅದು ಅವನಿಗೆ ಇಷ್ಟವಾಯಿತು.

ಟ್ರಕ್ಕುಗಳೆಲ್ಲ ದಾಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಈ ದಡದಲ್ಲಿ ದಟ್ಟ ಕಾಡಿದೆ ಎಂದು ನಕ್ಷೆ ಹೇಳಿದ್ದು ಸುಳ್ಳು. ಕಾಡು ಶುರುವಾಗುವುದು ಇನ್ನೂ ಮುಂದೆ, ಕೂಗಿದರೆ ಕೇಳಿಸದಷ್ಟು ದೂರದಲ್ಲಿ, ಅಲ್ಲಿಯವರೆಗೆ ಮುಳ್ಳುಕುರುಚಲಿನ ನಡುವೆ ಬರೀ ಬಯಲ ದಾರಿ. ಆ ದಾರಿಗೆ ಸಲಾಕೆ ತಾಗಿರಲಿಲ್ಲ. ಹೈದುವಾ ಸಲಾಕೆ ತೆಗೆದುಕೊಂಡು ಮಂಡಿಯೂರುವಷ್ಟರಲ್ಲಿ ಕ್ಯಾಪ್ಟನ್ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ. ಅಷ್ಟು ಹೊತ್ತಿಲ್ಲ ಎಂದ. ಮುದುಕನಿಗೆ ಹೇಳು, ಇದನ್ನೂ ನೋಡಿಯಾಗಿದೆ ಅಂತ.

"ಇದನ್ನು ನೋಡಿಲ್ಲ, ಕಾಮ್ರೇಡ್ ಕ್ಯಾಪ್ಟನ್."

"ನಂಗೊತ್ತಿಲ್ವಾ ಅದು?"

ಕ್ಯಾಪ್ಟನ್ ದನಿ ಏರಿಸಲಿಲ್ಲ. ಮಗುವಿಗೆ ಎರಡು ಮಿಠಾಯಿ ತೋರಿಸಿ ಕೇಳುವವನ ಹಾಗೆ, ಮುಂದೆ ಒಬ್ಬರು ನಡೆಯಲೇಬೇಕು, ಟ್ರಕ್ಕಿನಲ್ಲಿ ಇಷ್ಟು ಜನ ಇದ್ದಾರೆ, ವಿಮಾನ ಬಂದರೆ ಇಷ್ಟೂ ಜನ ಹೋಗುತ್ತಾರೆ, ಅದಕ್ಕೆ ಅವನು ನಡೆಯಲಿ ಇಲ್ಲವೇ ನೀನು ನಡಿ, ನನಗೆ ಎರಡೂ ಒಂದೇ ಎಂದ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದು ನಿಜವಾಗಿದ್ದುದೇ ಹೈದುವಾನಿಗೆ ಅನುಕೂಲವಾಯಿತು. ಅವನು ಎದ್ದು ಮುದುಕನ ಕಡೆ ನಡೆದ. ನಡೆಯುವಾಗ ಇಷ್ಟೂ ಜನ, ಇಷ್ಟೂ ಜನ ಎಂದು ಮನಸ್ಸು ಹೇಳುತ್ತಿತ್ತು. ಆ ಇಷ್ಟೂ ಜನರಲ್ಲಿ ಒಬ್ಬನ ಮುಖವನ್ನೂ ಅದು ತೋರಿಸಲಿಲ್ಲ. ದಾರಿ ಚೊಕ್ಕವೇ ಇರಬಹುದು ಎಂದೂ ಹೇಳಿತು. ಈ ಕಡೆ ಹುಗಿಯುವವರು ತಗ್ಗಿನಲ್ಲಿ ಹುಗಿಯುತ್ತಾರೆ, ಬಯಲಿನಲ್ಲಿ ಯಾಕೆ ಹುಗಿಯುತ್ತಾರೆ? ಬಯಲಿನಲ್ಲೇ ಹುಗಿಯುತ್ತಾರೆ, ತಗ್ಗು ದಾಟಿ ಬಂದವರು ಉಸಿರು ಬಿಡುವ ಕಡೆ. ತಾನೂ ಹಾಗೇ ಹುಗಿದಿದ್ದಾನೆ.

ಮುದುಕ ಕೋಟಿನ ಜೇಬಿನಿಂದ ಸಜ್ಜೆಮುದ್ದೆಯ ತಣ್ಣನೆಯ ತುಂಡು ತೆಗೆದು ಮುರಿದು ಅರ್ಧ ಕೊಟ್ಟ. ಹೈದುವಾ ತೆಗೆದುಕೊಂಡು ಬಾಯಿಗೆ ಹಾಕಿಕೊಂಡ. ಬಾಯಲ್ಲಿ ಅದಿರುವಾಗಲೇ, ಇನ್ನು ಸ್ವಲ್ಪ ದೂರ, ಆ ಕಾಡಿನ ತನಕ, ಆಮೇಲೆ ನೀವು ಮನೆಗೆ ಹೋಗಬಹುದು ಎಂದು ಹೇಳಿದ.

"ಇದೂ ನೋಡಿದ್ಯಾ?"

"ನೋಡಿದೀನಿ ಮಾವ."

"ಪಟ್ಟಿ ಕಟ್ಟಿಲ್ವಲ್ಲ."

"ಪಟ್ಟಿ ಮುಗೀತು."

ಮುದುಕ ತಲೆದೂಗಿದ. ಸರಕಾರದ ಹತ್ತಿರವೂ ಎಲ್ಲ ಮುಗಿಯುತ್ತದೆ ಎಂದು ನಕ್ಕ. ತುಟಿಯಲ್ಲಿ ಸಣ್ಣಗೆ ಸಿಳ್ಳೆ ಹಾಕುತ್ತ, ದನಗಳನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟ. ಹೈದುವಾ ಆ ಬೆನ್ನನ್ನೇ ನೋಡುತ್ತಿದ್ದ. ಕೋಟಿನ ಹೊಲಿಗೆ ಹೆಗಲ ಬಳಿ ಬಿಟ್ಟಿತ್ತು, ಅದನ್ನು ಯಾರೋ ದನದ ನರದಿಂದ ಹೊಲಿದಿದ್ದರು. ಈಗ ಕೂಗಬಹುದು. ಇನ್ನೂ ಕೂಗಬಹುದು. ಕೂಗಿದರೆ ಅವನು ನಿಲ್ಲುತ್ತಾನೆ, ತನ್ನ ಹೆಜ್ಜೆಯಲ್ಲೇ ವಾಪಸು ಬರುತ್ತಾನೆ, ಆಮೇಲೆ ನಾನು. ಆ ‘ಆಮೇಲೆ ನಾನು’ ಬಂದ ಕೂಡಲೇ ಕೂಗು ಗಂಟಲಲ್ಲಿ ಮುದ್ದೆಯ ಜೊತೆ ಇಳಿದು ಹೋಯಿತು.

ಸದ್ದು ದೊಡ್ಡದಾಗಿರಲಿಲ್ಲ. ಒಣಗಿದ ಸೋರೆಬುರುಡೆ ಬಂಡೆಗೆ ಬಿದ್ದ ಹಾಗೆ. ದೂಳು ಎದ್ದು ಇಳಿಯುವಷ್ಟರಲ್ಲಿ ಒಂದು ಹೋರಿ ಬದಿಗೆ ಹಾರಿ ಅದೂ ಸಿಡಿಯಿತು, ಉಳಿದವು ಒಂದಕ್ಕೊಂದು ಒತ್ತಿಕೊಂಡು ಇದ್ದಲ್ಲೇ ನಿಂತುಬಿಟ್ಟವು. ಮುದುಕ ದಾರಿಯ ಮಧ್ಯೆ ಕುಳಿತಿದ್ದ. ಚಪ್ಪಲಿಯಿದ್ದ ಒಂದು ಕಾಲು ಮುಂದೆ ಚಾಚಿತ್ತು. ಇನ್ನೊಂದರ ಕಡೆ ಅವನು ನೋಡುತ್ತಿರಲಿಲ್ಲ. ಹಿಂದೆ ತಿರುಗಿ ಇವನನ್ನು ಹುಡುಕುತ್ತಿದ್ದ.

"ಬರ್ಬೇಡ ಅಳಿಯ," ಎಂದ. ದನಿ ಸ್ಪಷ್ಟವಾಗಿತ್ತು. "ಇನ್ನೂ ಇರ್ಬೇಕು ಇಲ್ಲಿ. ನಿನ್ ಕಣ್ಣಿಗೆ ತಪ್ಪೋಗದೆ. ಆಯ್ತದೆ ಬಿಡು, ಮನುಷ್ಯನ ಕಣ್ಣು."

ಟ್ರಕ್ಕಿನ ಮೇಲಿದ್ದವರಿಗೆ ಆ ಭಾಷೆ ತಿಳಿಯಲಿಲ್ಲ. ತಿಳಿದವನು ಒಬ್ಬನೇ. ಅವನು ಹೊಟ್ಟೆಯ ಮೇಲೆ ಮಲಗಿ ಸಲಾಕೆ ಹಿಡಿದ. ಕ್ಯಾಪ್ಟನ್ ಬೇಡವೆನ್ನಲಿಲ್ಲ, ಹೇಗೂ ಅಲ್ಲಿಯವರೆಗೆ ದಾರಿ ಬಿಡಿಸಬೇಕಿತ್ತು. ಹೈದುವಾ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದಿಲ್ಲ. ಕೈ ತಪ್ಪಲಿಲ್ಲ, ಉಸಿರು ಕಟ್ಟಲಿಲ್ಲ. ಹತ್ತಿರದಲ್ಲೇ ಒಂದು ಸಿಕ್ಕಿತು, ಸುತ್ತಲ ಮಣ್ಣನ್ನು ಬೆರಳಿಂದ ಬಿಡಿಸಿ, ಮುಚ್ಚಳ ಎತ್ತಿ, ಒಳಗಿನ ಕಡ್ಡಿ ಎಳೆದು ಪಕ್ಕಕ್ಕಿಟ್ಟ. ಎಂಥ ಅಚ್ಚುಕಟ್ಟು ಎಂದು ತನ್ನ ಬೆರಳಿನ ಬಗ್ಗೆ ಅವನಿಗೇ ಮೆಚ್ಚುಗೆಯಾಯಿತು. ಮುದುಕ ಆಗಾಗ ಮಾತಾಡುತ್ತಿದ್ದ. ಅವಸರ ಮಾಡಬೇಡ ಎನ್ನುತ್ತಿದ್ದ, ನೀರಿದೆಯಾ ಎಂದು ಕೇಳುತ್ತಿದ್ದ, ಮತ್ತೆ ಅವಸರ ಮಾಡಬೇಡ ಎನ್ನುತ್ತಿದ್ದ. ತಾನು ಅವಸರ ಮಾಡುತ್ತಿಲ್ಲವೆಂದು ಹೈದುವಾನಿಗೆ ಗೊತ್ತಿತ್ತು. ಒಂದು ಸಲ ಚುಚ್ಚಿದರೆ ಸಾಕಾಗುವ ಕಡೆ ಎರಡು ಸಲ ಚುಚ್ಚುತ್ತಿದ್ದ, ಬೇರೆಂದು ತಿಳಿದ ಬೇರನ್ನೂ ಬಿಡಿಸಿ ನೋಡುತ್ತಿದ್ದ. ತಾನು ತಲುಪುವ ಮೊದಲು ಆ ದನಿ ನಿಂತುಬಿಡಲಿ. ಹತ್ತಿರದಿಂದ ಆ ಮುಖ ನೋಡುವಂತಾಗದಿರಲಿ. ಅದು ನಿಲ್ಲಲಿಲ್ಲ. ದನ ಕಾಯುವವರ ಪ್ರಾಣ ಗಟ್ಟಿ.

ತಲುಪಿದಾಗ ಮುದುಕನ ಮುಖ ಒಲೆಯ ಬೂದಿಯಂತಾಗಿತ್ತು. ಹೈದುವಾ ತನ್ನ ಬೆಲ್ಟು ಬಿಚ್ಚಿ ಅವನ ತೊಡೆಗೆ ಬಿಗಿದ, ಅದರಿಂದ ಈಗ ಉಪಯೋಗವಿಲ್ಲವೆಂದು ತಿಳಿದೇ ಬಿಗಿದ. ನೀರು ಕುಡಿಸಿದ. ಹೇಳಿಬಿಡಬೇಕು ಎಂದುಕೊಂಡ: ನಾನು ನೋಡಿರಲಿಲ್ಲ ಮಾವ. ಇಷ್ಟೇ ಮಾತು. ನಾಲಗೆಯ ಮೇಲೆ ಬಂದಿತ್ತು. ಮುದುಕ ಅವನ ತೋಳು ಹಿಡಿದು ಎಳೆದುಕೊಂಡ.

"ದನ ಎಣಿಸ್ಕೊ," ಎಂದ. "ನಿನ್ ಪಾಲು ಅದು. ನಮ್ಮನೆಗೋಗಿ ಹೇಳು, ಅವರೇನೂ ಅನ್ನಾಕಿಲ್ಲ. ಅಳಿಯ ಇದ್ದಾಗ ನಾನು ಸತ್ನಲ್ಲ, ಸಾಕು."

ಹೈದುವಾ ನಾಲಗೆಯ ಮೇಲಿದ್ದುದನ್ನು ನುಂಗಿದ. ಸಾಯುವವನ ನೆಮ್ಮದಿ ಯಾಕೆ ಕೆಡಿಸಬೇಕು ಎಂದು ಅದಕ್ಕೂ ಒಂದು ಮಾತು ಸಿಕ್ಕಿತು. ಆಯಿತು ಮಾವ ಎಂದ. ಮುದುಕನ ಹಿಡಿತ ಸಡಿಲವಾಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಬೆರಳುಗಳನ್ನು ಅವನು ಒಂದೊಂದಾಗಿ ಬಿಡಿಸಿಕೊಳ್ಳಬೇಕಾಯಿತು.

ಅವನು ಬಿಡಿಸಿದ ದಾರಿಯಲ್ಲಿ ಬೂಟಿನ ಸದ್ದಾಯಿತು. ಕ್ಯಾಪ್ಟನ್ ಬಂದು ನಿಂತು, ಏನಂದ ಮುದುಕ ಎಂದು ಕೇಳಿದ.

"ದನ ನನಗೆ ಅಂದ."

ಈ ಸಲ ಯಾರೂ ನಗಲಿಲ್ಲ. ಕ್ಯಾಪ್ಟನ್ ಟೋಪಿ ತೆಗೆದು ಹಣೆ ಒರೆಸಿಕೊಂಡ. ದಕ್ಷಿಣದ ಆಕಾಶ ನೋಡಿದ, ಮುಂದಿನ ದಾರಿ ನೋಡಿದ, ಆಮೇಲೆ ಗುಂಪುಗಟ್ಟಿ ನಿಂತ ದನಗಳನ್ನು ನೋಡಿದ.

"ಒಳ್ಳೇದೇ ಆಯ್ತು," ಎಂದ. "ನಿನ್ನ ದನ, ನೀನೇ ಹೊಡಿ."

ಇವು ನನ್ನವು, ಕೊಡುವುದಿಲ್ಲ ಎಂದು ಹೇಳಬಹುದಿತ್ತು. ಈಗ ಹಾಗೆ ಹೇಳುವ ಹಕ್ಕು ಅವನಿಗಿತ್ತು. ಆ ಬಯಲಿನಲ್ಲಿ ಅದಿದ್ದವನು ಅವನೊಬ್ಬನೇ. ಅವನು ಬಗ್ಗಿ ಪೊದೆಯಿಂದ ಒಂದು ಕೋಲು ಮುರಿದುಕೊಂಡು, ಎಲೆ ಸವರಿ ದನಗಳ ಹಿಂದೆ ಹೋದ. ಮುಂದಿದ್ದ ಕೆಂದ ಹಸು ಮುದುಕನ ಬಳಿ ತಲೆ ತಗ್ಗಿಸಿ ನಿಂತು ಕೋಟಿನ ಹೆಗಲನ್ನು ನೆಕ್ಕುತ್ತಿತ್ತು. ಅಲ್ಲಿ ಬೆವರಿನ ಉಪ್ಪು ಹರಳುಗಟ್ಟಿತ್ತು. ಹೊ ಎಂದ, ಕದಲಲಿಲ್ಲ. ಊರ ಮಾತಿನಲ್ಲಿ ನಡಿ ತಾಯಿ ಎಂದ, ಆಗಲೂ ಇಲ್ಲ. ಕೋಲು ಬೀಸಿ ಬೆನ್ನಿಗೆ ಹೊಡೆದ. ಮೊದಲ ಏಟಿಗೆ ಅದು ತಿರುಗಿ ನೋಡಿತು. ಎರಡನೆಯದಕ್ಕೆ ಹೆಣವನ್ನು ದಾಟಿಕೊಂಡು ನಡೆಯಿತು. ಅದರ ಹಿಂದೆ ಉಳಿದವು. ಅವುಗಳ ಹಿಂದೆ, ಗೊರಸು ಊರಿದ ಗುರುತಿನಲ್ಲೇ ಕಾಲೂರುತ್ತ, ಹೈದುವಾ.